ಮೇಸ್ತ್ರಿಯ ಕಿವಿ ಮತ್ತು ದುಬಾರಿ ಪೆಟ್ರೋಲು

ಮೇಸ್ತ್ರಿಯ ಬಲಗಿವಿಯ ಮುಂದೆ, ಕೆನ್ನೆಯ ಮೂಳೆ ಮುಗಿಯುವಲ್ಲಿ, ಕಾಸಗಲದ ಒಂದು ಕಪ್ಪು ಕಲೆ ಇತ್ತು. ಹುಟ್ಟುಮಚ್ಚೆಯಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೈಕಿನ ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೂತೂ ಕೂತೂ ಗ್ರೀಸು ಚರ್ಮದೊಳಕ್ಕೇ ಇಳಿದುಬಿಟ್ಟಿತ್ತು. ಮಗಳ ಮದುವೆಯ ದಿನ ರೇಷ್ಮೆ ಪಂಚೆ ಉಟ್ಟು ನಿಂತಾಗಲೂ ಅದು ಹಾಗೇ ಇತ್ತು. ‘ದೃಷ್ಟಿಬೊಟ್ಟು ಇಟ್ಕೊಂಡು ಬಂದೀರಾ’ ಎಂದು ನಾನು ರೇಗಿಸಿದ್ದೆ.

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಗಲ್ಲಿಯಲ್ಲಿ ಅವರ ಬೈಕ್ ರಿಪೇರಿ ಶೆಡ್ಡು. ಹಿಂಬದಿಗೇ ಮನೆ. ಶೇಂಗಾ ಹಿಂಡಿಯ ವಾಸನೆ, ಪೆಟ್ರೋಲಿನ ವಾಸನೆ ಎರಡೂ ಕಲೆತು ಒಂದು ಮೂರನೇ ವಾಸನೆಯಾಗಿರುತ್ತಿತ್ತು. ನನಗೆ ಆಗ ಮೊಳಕಾಲ್ಮುರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಕೆಲಸ ಹೊಸದು. ಬಸ್ಸಿಗೆ ಕಾದು ಸಾಕಾಗಿ ನೂರು ಸಿಸಿಯ ಹಳೆಯ ಬೈಕೊಂದನ್ನು ಕೊಂಡೆ. ಹೆಂಗಸು ಗೇರಿನ ಗಾಡಿ ಹೊಡೆಯುವುದೆಂದರೆ ನಮ್ಮ ಓಣಿಗೆ ಪುಕ್ಕಟೆ ನಾಟಕ. ಒಬ್ಬರಂತೂ ಮನೆಗೇ ಬಂದು ನಮ್ಮವ್ವನಿಗೆ ಬುದ್ಧಿ ಹೇಳಿ ಕಾಫಿ ಕುಡಿದು ಹೋದರು. ಮೇಸ್ತ್ರಿ ಮಾತ್ರ ಕೇಳಿದ್ದು ಒಂದೇ ಮಾತು.

“ಕಾಲು ನೆಲಕ್ಕೆ ಎಟಕ್ತೈತಾ ಟೀಚರಮ್ಮಾ?”

“ಎಟಕ್ತೈತೆ.”

“ಮತ್ತಿನ್ನೇನು, ಹೊಡೀರಿ.”

ನಾಲ್ಕು ಭಾನುವಾರ ಬೆಳಿಗ್ಗೆ ಉಳ್ಳಾರ್ತಿ ಕಾವಲ್ ಪಕ್ಕದ ನೇರ ರಸ್ತೆಗೆ ಕರೆದೊಯ್ದು ಅವರೇ ಕಲಿಸಿದರು. ಮೀಟರ್ ನೋಡಲು ಬಿಡುತ್ತಿರಲಿಲ್ಲ. “ಗೇರು ಯಾವಾಗ ಹಾಕ್ಬೇಕು ಅಂತ ಗಾಡಿನೇ ಹೇಳ್ತೈತೆ, ಕಿವಿ ಕೊಡ್ರಿ ಸಾಕು” ಅನ್ನುತ್ತಿದ್ದರು. ನಾನು ಗಾಳಿಗೆ ಎದೆಯೊಡ್ಡಿ ಒಬ್ಬಳೇ ಹೋದ ಮೊದಲ ದಿನದ ಖುಷಿಗೆ ಇವತ್ತಿಗೂ ಸಮನಾದದ್ದು ಸಿಕ್ಕಿಲ್ಲ.

ಆಮೇಲೆ ಊರಿನ ಬಂಕಿಗೆ ಸಾದಾ ಪೆಟ್ರೋಲಿನ ಜೊತೆ ಪ್ರೀಮಿಯಂ ಎಂಬ ದುಬಾರಿ ಪೆಟ್ರೋಲೂ ಬಂತು. ಹುಡುಗರೆಲ್ಲ ಅದನ್ನೇ ಹಾಕಿಸತೊಡಗಿದರು. ನಾನೇನು ಕಡಿಮೆಯೇ? ಟ್ಯಾಂಕ್ ತುಂಬಾ ಹಾಕಿಸಿಕೊಂಡು ಶೆಡ್ಡಿನ ಮುಂದೆ ನಿಲ್ಲಿಸಿ, ಪಿಕಪ್ ಜಾಸ್ತಿಯಾಗಿದೆ ಎಂದು ಕೊಚ್ಚಿಕೊಂಡೆ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ನಕ್ಕರು.

“ಪಿಕಪ್ಪು ಗಾಡಿಗೆ ಬಂದಿಲ್ಲ, ನಿಮ್ಮ ಮನ್ಸಿಗೆ ಬಂದೈತೆ. ಆ ಪೆಟ್ರೋಲು ಬಲ ಕೊಡಲ್ಲ ಕಣ್ರಿ, ತಡ್ಕೊಳ್ತೈತೆ ಅಷ್ಟೆ. ಇಂಜಿನ್ನು ಒಳಗೆ ಜೋರಾಗಿ ಒತ್ತಿದ್ರೂ ಹೊತ್ತಿಗೆ ಮುಂಚೆ ಹೊತ್ಕೊಳ್ಳಲ್ಲ. ನಿಮ್ಮ ಈ ಬಡಪಾಯಿ ಗಾಡಿ ಅಷ್ಟು ಒತ್ತೋದೇ ಇಲ್ಲ. ಹಂಗೆ ಮುಂಚೆ ಹೊತ್ಕೊಂಡ್ರೆ ಏರಿನಾಗೆ ಟಿಕಿಟಿಕಿ ಅಂತೈತೆ. ಅಂದ್ರೆ ಹಾಕ್ಸು, ಅನ್ನದಿದ್ರೆ ಬ್ಯಾಡ. ಇಷ್ಟೇ ಸೂತ್ರ.”

ಈ ಸೂತ್ರ ಬಹಳ ದಿನ ಕೆಡಲಿಲ್ಲ. ಯಾಕೆಂದರೆ ಆ ಟಿಕಿಟಿಕಿ ಇದೆಯೋ ಇಲ್ಲವೋ ಎಂದು ತೀರ್ಪು ಕೊಡುತ್ತಿದ್ದುದು ನಲವತ್ತು ವರ್ಷ ಪಳಗಿದ ಅವರ ಕಿವಿ.

ಕೆಲವು ವರ್ಷಗಳ ನಂತರ ನಾನು ದೊಡ್ಡ ಗಾಡಿ ಕೊಂಡೆ. ಅದರ ಜೊತೆ ಬಂದ ಪುಸ್ತಕದಲ್ಲಿ ದುಬಾರಿ ಪೆಟ್ರೋಲನ್ನೇ ಹಾಕಬೇಕೆಂದು ಬರೆದಿತ್ತು. “ಪುಸ್ತಕ ಬರ್ದೋನು ಚಳ್ಳಕೆರೆ ನೋಡಿದಾನಾ?” ಎಂದು ಮೇಸ್ತ್ರಿ ಸಾದಾ ಪೆಟ್ರೋಲೇ ಹಾಕಿಸಿದರು. ಬೇಸಿಗೆ ಬಂತು. ಮೊಳಕಾಲ್ಮುರು ಹತ್ತಿರದ ಗುಡ್ಡದ ಏರಿನಲ್ಲಿ ಇಂಜಿನ್ನು ಸಣ್ಣಗೆ ಟಿಕಿಟಿಕಿ ಅನ್ನತೊಡಗಿತು. ಹೇಳಿದೆ. ನಂಬಲಿಲ್ಲ. ಅವರೇ ಹೊಡೆದರು, ನಾನು ಹಿಂದೆ ಕೂತೆ. ಏರಿನಲ್ಲಿ ಸದ್ದು ನಿಚ್ಚಳವಾಗಿ ಕೇಳುತ್ತಿತ್ತು. “ಕೇಳ್ತಾ?” ಎಂದೆ. “ಏನೈತೆ ಕೇಳೋಕೆ? ಹಾಲಿನಂಗೆ ಐತೆ ಇಂಜಿನ್ನು” ಎಂದರು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಟಕ್ಕೆ ಬಿದ್ದಿದ್ದಾರೆ, ತಮ್ಮ ಸೂತ್ರ ಸೋಲಬಾರದೆಂದು ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ. ಶೆಡ್ಡಿಗೆ ವಾಪಸ್ಸು ಬಂದವಳೇ ನಾಲ್ಕು ಜನ ಗಿರಾಕಿಗಳ ಎದುರು, “ಕಿವಿ ಕೇಳ್ಸಲ್ವಾ ನಿಮಗೆ? ಕಿವುಡರ ಹತ್ರ ಗಾಡಿ ಬಿಟ್ಟು ನಾನು ಕೆಟ್ಟೆ” ಎಂದುಬಿಟ್ಟೆ. ದಿನಕ್ಕೆ ಹತ್ತು ಸಲ ಮಕ್ಕಳಿಗೆ ಅನ್ನುವ ಮಾತು. ಅವರು ತಿರುಗಿ ಏನಾದರೂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೀಲಿಯನ್ನು ಬನಿಯನ್ನಿಗೆ ಒರೆಸಿ ನನ್ನ ಕೈಗಿಟ್ಟು ಒಳಗೆ ಹೋದರು.

ಮೂರು ವಾರ ನಾನು ಆ ಗಲ್ಲಿಗೆ ಕಾಲಿಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮೇಸ್ತ್ರಿ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಎರಡು ಕ್ಯಾನು. “ಗುಡ್ಡದ ತಂಕ ಬರ್ರಿ, ಒಂದು ಕೆಲ್ಸ ಐತೆ” ಅಂದರು. ಏರಿನ ಬುಡದಲ್ಲಿ ನನ್ನ ಗಾಡಿಯ ಟ್ಯಾಂಕು ಬರಿದು ಮಾಡಿ ಒಂದು ಕ್ಯಾನಿನ ಪೆಟ್ರೋಲು ಸುರಿದರು. ಯಾವುದೆಂದು ಯಾರಿಗೂ ಹೇಳಲಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಏರು ಹತ್ತಿ ಇಳಿದು ಬಂದರು. ಆಕೆ ಆಂಧ್ರದ ಗಡಿಯ ಹಳ್ಳಿಯವರು, ಸಾಸಿವೆಗೆ ತೆಲುಗಿನಲ್ಲೇ ಆವಾಲು ಅನ್ನುವವರು.

“ಏನು ಕೇಳಿಸ್ತು?”

“ಕಾದ ಎಣ್ಣೆಗೆ ಆವಾಲು ಬಿದ್ದಂಗೆ. ಚಿಟಿಚಿಟಿ ಅಂತೈತೆ.”

ಟ್ಯಾಂಕು ಮತ್ತೆ ಬರಿದು ಮಾಡಿ ಎರಡನೇ ಕ್ಯಾನು ಸುರಿದು ಹೋಗಿ ಬಂದರು. ಆಕೆ ಇಳಿದು ಸೆರಗು ಸರಿಮಾಡಿಕೊಂಡು, “ಈಗಿಲ್ಲ. ಆವಾಲು ನಿಂತೈತೆ” ಎಂದರು.

ಮೇಸ್ತ್ರಿ ರಸ್ತೆ ಬದಿಯ ಬಂಡೆಯ ಮೇಲೆ ಕೂತರು. “ಮೊದಲ್ನೇದು ಸಾದಾ. ನಿಮ್ಮ ಗಾಡಿಗೆ ದುಬಾರೀನೇ ಬೇಕು ಟೀಚರಮ್ಮಾ, ಹಾಕ್ಸ್ರಿ. ನೀವು ಅವತ್ತು ಅಂದ್ರಲ್ಲ, ಆಮೇಲೆ ಮನ್ಯಾಗೆ ಕುಕ್ಕರ್ ವಿಸಲ್ಲು ಎಣಿಸ್ದೆ. ಇವಳು ನಾಲ್ಕು ಅಂದ್ರೆ ನಂಗೆ ಎರಡು.”

ತಪ್ಪಾಯ್ತು ಅನ್ನಬೇಕಿತ್ತು. ಮಾತು ಕಲಿಸುವುದೇ ಕಸುಬಾದ ನನಗೆ ಆ ಒಂದು ಮಾತು ಅವರು ಇರುವತನಕ ಆಡಲಾಗಲಿಲ್ಲ.

ಶೆಡ್ಡು ಮುಚ್ಚುತ್ತಾರೆ ಅಂದುಕೊಂಡೆ. ಮುಚ್ಚಲಿಲ್ಲ. ಮಾರನೇ ದಿನದಿಂದ ಆಕೆ ಅಡುಗೆ ಮುಗಿಸಿ ಶೆಡ್ಡಿಗೆ ಬಂದು ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ಕೂರತೊಡಗಿದರು. ಮೇಸ್ತ್ರಿ ಪಕ್ಕದ ಸ್ಟೂಲಿನ ಮೇಲೆ. “ಬಳೆ ಬಡಿದಂಗೆ” ಎಂದು ಆಕೆ ಅಂದರೆ “ಟ್ಯಾಪೆಟ್ಟು” ಎಂದು ಇವರು. “ಬೀಸೋ ಕಲ್ಲಾಗೆ ಮರಳು ಸಿಕ್ಕಂಗೆ” ಅಂದರೆ “ಬೇರಿಂಗು ಹೋಯ್ತು, ಬಿಚ್ರಿ.” ಮೊದಮೊದಲು ಜನ ನಕ್ಕರು. ಆಮೇಲೆ ಗಾಡಿಗಳು ಸರಿಯಾದವು, ನಗು ನಿಂತಿತು. ಎರಡು ವರ್ಷ ಹೀಗೆ ನಡೆಯಿತು. ನಾನು ಕೆಲಸವಿಲ್ಲದಿದ್ದರೂ ಹೋಗಿ ಕೂತು ಇಬ್ಬರ ಜುಗಲ್‌ಬಂದಿ ನೋಡುತ್ತಿದ್ದೆ.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮೇಸ್ತ್ರಿ ಏಳಲಿಲ್ಲ.

ಈಗಲೂ ಗುಡ್ಡದ ಏರಿನಲ್ಲಿ ಗೇರು ಇಳಿಸುವಾಗ ಕಿವಿಗೊಡುತ್ತೇನೆ. ದುಬಾರಿ ಪೆಟ್ರೋಲೇ ಹಾಕಿಸುತ್ತೇನೆ, ಟಿಕಿಟಿಕಿ ಇಲ್ಲ. ಸಣ್ಣಗೆ ಒಮ್ಮೆ ಅಂದಿದ್ದರೆ ಅದರ ನೆಪದಲ್ಲಾದರೂ ಅವರೊಡನೆ ಜಗಳವಾಡಿದಂತೆ ಆಗುತ್ತಿತ್ತಲ್ಲ ಅನ್ನಿಸುತ್ತದೆ. ಅವರು ಬೇಕು. ಒಂದು ದಿನದ ಮಟ್ಟಿಗಾದರೂ ಬೇಕು.

ಮೊನ್ನೆ ಗಾಡಿಯಲ್ಲಿ ಏನೋ ಹೊಸ ಸದ್ದು. ಹಳೆಯ ರೂಢಿಯಂತೆ ಶೆಡ್ಡಿಗೇ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಆಕೆ ಮನೆಯಿಂದ ಬಂದು, ನಾನು ಕೇಳುವ ಮೊದಲೇ ಗೋಡೆಯ ಮೊಳೆಯಿಂದ ಸ್ಕ್ರೂಡ್ರೈವರ್ ತೆಗೆದು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದರು. ಅವರ ಕಿವಿಯ ಮುಂದೆಯೂ ಒಂದು ಕಲೆ ಮೂಡಿತ್ತು, ಇನ್ನೂ ತಿಳಿಯಾದದ್ದು.

“ಯಾರೋ ಒಣ ತೊಗರಿಕಾಯಿ ಬಿಡಿಸ್ದಂಗೆ ಐತೆ” ಎಂದು ಹೇಳಿ ಪಕ್ಕಕ್ಕೆ ತಿರುಗಿದರು. ಸ್ಟೂಲು ಖಾಲಿ ಇತ್ತು. ಆಕೆ ಅದನ್ನೇ ನೋಡುತ್ತ ಸ್ಕ್ರೂಡ್ರೈವರನ್ನು ಸೆರಗಿಗೆ ಒರೆಸಿದರು.

“ಸದ್ದು ನಂಗೆ ಕೇಳ್ತೈತೆ ಕಣಮ್ಮಾ. ಅದು ಏನು ಅಂತ ಹೇಳೋರೇ ಇಲ್ಲ.”