ಹನ್ನೆರಡು ಕೌದಿಗಳ ಅಳತೆ

ಕೂಡಿ ದುಡಿಯೋಣ ಅಂತ ಮೊದಲು ಹೇಳಿದವಳು ನಾನೇ. ಹಾಗಾಗಿ ಈಗ ಯಾರನ್ನೂ ಬೈಯುವಂತಿಲ್ಲ.

ಶಿಗ್ಗಾವಿಯ ಮನೆಯ ಪಡಸಾಲೆಯಲ್ಲಿ ನನ್ನದೊಂದು ಹೊಲಿಗೆ ಮಷಿನ್ನು. ಸುತ್ತಲ ಊರುಗಳಿಂದ ಬಂದು ಇಲ್ಲೇ ನೆಲೆಸಿದ, ನನಗೆ ಪರಿಚಯದ ಆರು ಹೆಂಗಸರು, ಹಳೇ ಸೀರೆ ತಂದುಕೊಟ್ಟವರಿಗೆ ಕೈಯಲ್ಲೇ ಕೌದಿ ಹೊಲಿದುಕೊಡುತ್ತಿದ್ದರು. ಒಂದು ತಿಂಗಳು ಕೆಲಸವಿದ್ದರೆ ಎರಡು ತಿಂಗಳು ಇಲ್ಲ. ಸಂಘ ಕಟ್ಟಿದರೆ ದೊಡ್ಡ ಆರ್ಡರ್ ಹಿಡಿಯಬಹುದು ಎಂದು ಮನೆಮನೆ ಅಲೆದು ಒಪ್ಪಿಸಿದೆ. ಹಾನಗಲ್ಲಿನ ಒಂದು ವಸತಿಗೃಹದವರು ಹನ್ನೆರಡು ಕೌದಿ ಕೇಳಿದರು. ಎಲ್ಲವೂ ಮಂಚದ ಅಳತೆಗೆ ಸರಿಯಾಗಿರಬೇಕು, ಅಷ್ಟೇ.

ಒಬ್ಬೊಬ್ಬರಿಗೆ ಎರಡೆರಡು ಕೌದಿ ಹಂಚಿ, ಒಂದೊಂದು ಟೇಪು ಕೊಟ್ಟೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಎಂದು ಮೂರು ಸಲ ಹೇಳಿದೆ. ಮೂರು ಸಲವೂ ಎಲ್ಲರೂ ತಲೆಯಾಡಿಸಿದರು. ಅವರು ಮಡಿಸಿ ತಂದದ್ದನ್ನು ಬಿಚ್ಚಿ ನೋಡುವ ಬುದ್ಧಿ ನನಗೂ ಬರಲಿಲ್ಲ. ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ.

ಅಲ್ಲಿನ ಮ್ಯಾನೇಜರ್ ಒಂದೊಂದನ್ನೇ ಮಂಚದ ಮೇಲೆ ಹಾಸಿದ. ಒಂದು ನೆಲಕ್ಕೆ ಇಳಿಯಿತು, ಇನ್ನೊಂದು ಮಂಚದ ಅಂಚನ್ನೂ ಮುಟ್ಟಲಿಲ್ಲ.

"ಅಕ್ಕಾರ, ಇವು ಒಂದ ಸಂಘದ್ದೋ, ಹನ್ನೆರಡು ಸಂಘದ್ದೋ?" ಎಂದ.

ಗಂಟನ್ನು ವಾಪಸ್ ಹೊತ್ತು ತಂದು, ಮರುದಿನ ಎಲ್ಲರನ್ನೂ ಕರೆದು ಕೂಡಿಸಿದೆ. "ಟೇಪ್ ಯಾಕ ಕೊಟ್ಟಿದ್ದೆ? ಪೂಜಿ ಮಾಡಾಕೇನು?"

ಆರು ಮಂದಿಯಲ್ಲಿ ಸವಣೂರಿನ ಹಿರಿಯಾಕೆ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು, ಟೇಪನ್ನು ನನ್ನ ಮುಂದೆ ಚಾಚಿದರು. "ಅದರೊಳಗಿನ ಅಂಕಿ ಯಾರಿಗೆ ತಿಳೀತೈತವ್ವಾ? ಮೊಳ ಹಾಕಿ ಹೊಲದ್ವಿ. ನನ್ನ ಮೊಳ ಸಣ್ಣದು, ಹಿರೇಕೆರೂರಾಕಿದು ಉದ್ದ."

"ಮೊದಲ ಹೇಳಬಾರದಿತ್ತೇನ್ರಿ?"

"ನೀ ಎಲ್ಲಿ ಕೇಳಿದಿ? ಹೇಳಿದಿ, ಹೋದಿ."

ಟೇಪುಗಳನ್ನೆಲ್ಲ ಕಸಿದುಕೊಂಡು ಒಳಗೆ ಹೋದೆ. ಚಹಾಕ್ಕೆ ನೀರಿಟ್ಟು ನಿಂತಾಗ ನನ್ನ ಮೇಲೇ ಸಿಟ್ಟು ಬಂತು. ತಲೆಯಾಡಿಸಿದ್ದನ್ನೇ ಒಪ್ಪಿಗೆ ಅಂದುಕೊಂಡಿದ್ದೆನಲ್ಲ.

ಮತ್ತೆ ಹಾನಗಲ್ಲಿಗೆ ಹೋಗಿ, ಅಲ್ಲಿನ ಮಂಚದ ಅಳತೆಗೇ ಒಂದು ಹಳೇ ಸೀರೆ ಕತ್ತರಿಸಿ ತಂದೆ. ಅದರಂತೆ ಇನ್ನೂ ಐದು ಕತ್ತರಿಸಿ ಎಲ್ಲರಿಗೂ ಕೊಟ್ಟೆ. ಉದ್ದದವನ್ನು ಬಿಚ್ಚಿ ಕಡಿಮೆ ಮಾಡಿದರು, ಗಿಡ್ಡವಕ್ಕೆ ಅಂಚು ಕೂಡಿಸಿದರು. ಅಂಚು ಕೂಡಿಸಿದರೆ ಕೌದಿಯ ಮಾರಿಯ ಚಂದ ಕೆಡುತ್ತದೆಂದು ಖಾಲಾ ಎರಡು ದಿನ ಮುನಿಸಿಕೊಂಡು, ಆಮೇಲೆ ತಮ್ಮ ಎರಡೂ ಕೌದಿಗಳನ್ನು ಹೊಸದಾಗಿಯೇ ಹೊಲಿದರು.

ಈ ಸಲ ಹನ್ನೆರಡೂ ಸರಿಹೋದವು. ಮ್ಯಾನೇಜರ್ ಇನ್ನೂ ಹತ್ತು ಕೇಳಿದ, ಅದರಲ್ಲಿ ಐದಕ್ಕೆ ಕೆಂಪು ಅಂಚಿರಲಿ ಎಂದ. ಖುಷಿಯಿಂದ ಬಂದು, ನನ್ನ ಪಡಸಾಲೆಯಲ್ಲಿ ಕಾದಿದ್ದವರಿಗೆ ಸುದ್ದಿ ಹೇಳಿದೆ. ಯಾರ ಕೌದಿಗೆ ಕೆಂಪು ಅಂಚು ಅನ್ನುವುದರ ಮೇಲೆ ಜಗಳ ಶುರುವಾಯಿತು. ಬಾಗಿಲು ಹಾಕಿಕೊಂಡು ಒಬ್ಬಳೇ ಕೂಡಬೇಕು ಅನ್ನಿಸಿತು. ಆದರೆ ಆರೂ ಮಂದಿ ಒಳಗೇ ಇದ್ದರು.