ಪಟ್ಟಿಯಲ್ಲಿ ಮೊದಲ ಹೆಸರು

ಆಟಗಾರರ ರ್‍ಯಾಂಕ್ ಪಟ್ಟಿಯನ್ನು ನಂಬುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಒಂದು ಪಟ್ಟಿಯಲ್ಲಿ ನಾನೇ ಮೊದಲನೆಯವಳಾಗಿದ್ದೆ.

ತೊಂಬತ್ತರ ದಶಕದಲ್ಲಿ ಮೂಡುಬಿದಿರೆಯ ಕಾಲೇಜೊಂದಕ್ಕೆ ಬಾಸ್ಕೆಟ್‌ಬಾಲ್ ಕೋಟಾದಲ್ಲಿ ಸೇರಿದೆ. ಅಲ್ಲಿನ ಪಿ.ಟಿ. ಮಾಸ್ಟ್ರು ಶಾಲಾ ಕ್ರೀಡಾಕೂಟ ನೋಡಿ ಹತ್ತು ಹುಡುಗಿಯರನ್ನು ಆರಿಸಿ, ರ್‍ಯಾಂಕ್ ಹಾಕಿ ಪಟ್ಟಿ ಮಾಡಿದ್ದರು. ಮೊದಲನೆಯವಳು ನಾನು. ಹತ್ತನೆಯವಳು ಬೆಳ್ತಂಗಡಿಯ ಒಬ್ಬಳು ಗಿಡ್ಡಿ.

ಮೊದಲ ದಿನ ಗಿಡ್ಡಿ ಎಸೆದ ಚೆಂಡೆಲ್ಲ ರಿಂಗಿನೊಳಗೆ ಬಿತ್ತು. ನಾನು ಎಸೆದದ್ದು ಹಾಸ್ಟೆಲಿನ ಹಂಚಿನ ಮೇಲೆ.

"ನೀನು ಮೊದಲು ಆಡಿದ್ದುಂಟಾ?" ಎಂದರು ಮಾಸ್ಟ್ರು.

"ಇಲ್ಲ ಸರ್. ನಮ್ಮ ಶಾಲೆಯಲ್ಲಿ ರಿಂಗೇ ಇಲ್ಲ."

"ಮತ್ತೆ ಪುಂಜಾಲಕಟ್ಟೆಯ ಕೂಟದಲ್ಲಿ ನಿನ್ನನ್ನು ನೋಡಿದ್ದೇನಲ್ಲ!"

ನೋಡಿದ್ದು ನಿಜ. ಬೆಳಗಿನ ಪಥಸಂಚಲನದಲ್ಲಿ, ಉದ್ದ ಇದ್ದೇನೆಂದು ಶಾಲೆಯ ಧ್ವಜ ಹಿಡಿದು ಎಲ್ಲರ ಮುಂದೆ ನಡೆದವಳು ನಾನು. ಗಿಡ್ಡಿ ತನ್ನ ಶಾಲೆಯ ಸಾಲಿನ ಕಟ್ಟಕಡೆಯಲ್ಲಿದ್ದಳು. ಪಂದ್ಯಗಳು ನಡೆದದ್ದು ಊಟದ ಮೇಲೆ. ಆಗ ಮಾಸ್ಟ್ರು ಎರಡೆರಡು ಸಲ ಪಾಯಸ ಹಾಕಿಸಿಕೊಂಡು ಚಪ್ಪರದಡಿಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ಮೂರು ವರ್ಷದಲ್ಲಿ ನಾನು ಒಂದೇ ಒಂದು ಬಾಸ್ಕೆಟ್ ಹಾಕಲಿಲ್ಲ. ಆದರೆ ಕಾಲೇಜುಗಳ ಕ್ರೀಡಾಕೂಟದ ಪಥಸಂಚಲನದಲ್ಲಿ ಧ್ವಜ ಹಿಡಿದೆ, ಪ್ರಥಮ ಬಹುಮಾನ ನಮಗೇ ಬಂತು. ಮಾಸ್ಟ್ರು ಕಪ್ಪನ್ನು ಎತ್ತಿ ಹಿಡಿದರು.

"ನೋಡಿ ಮಾರಾಯ್ರೆ, ನನ್ನ ಪಟ್ಟಿ ಯಾವತ್ತಾದರೂ ತಪ್ಪಿದ್ದುಂಟಾ?"