ಹೊನ್ನವ್ವನ ಬೆಕ್ಕಿನ ಹೊಟ್ಟೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಅಂಗೈ ಸಂಜೆಗೆ ಕೆಂಡವಾಗಿರುತ್ತದೆ. ತನ್ನ ಕೈಗೆ ತಾನೇ ಎಣ್ಣೆ ಹಚ್ಚಿಕೊಂಡರೆ ಉರಿ ಇಳಿಯುವುದಿಲ್ಲ, ಗೆಳತಿಯೇ ಹಚ್ಚಬೇಕು ಎಂಬುದು ನಮ್ಮ ಓಣಿಯವರ ನಂಬಿಕೆ. ಹೊನ್ನವ್ವನಿಗೆ ಹಚ್ಚುತ್ತಿದ್ದವಳು ಪಕ್ಕದ ಮನೆಯ ಬೀರವ್ವ; ಮೆಣಸಿನಕಾಯಿ ಗೋದಾಮಿನಲ್ಲೂ ಇಬ್ಬರೂ ಅಕ್ಕಪಕ್ಕವೇ ಕೂರುತ್ತಿದ್ದರು.

ಹೊನ್ನವ್ವನಿಗೆ ಗೌರಿ ಎಂಬ ಬೆಕ್ಕಿತ್ತು. ತನ್ನ ಚಹಾ ಕಪ್ಪಗಾದರೂ ಚಿಂತೆಯಿಲ್ಲ, ಗೌರಿಯ ಬಟ್ಟಲಿಗೆ ಹಾಲು ಬೀಳಲೇಬೇಕು. ಎರಡು ಸಾವಿರದ ಆರರ ಸುಗ್ಗಿಯಲ್ಲಿ ಅದಕ್ಕೆ ಭೇದಿ ಹತ್ತಿತು. ಹೊಟ್ಟೆ ಗುರುಗುಟ್ಟುವುದು, ತಿಂದದ್ದನ್ನು ಕಾರುವುದು. ಕೊನೆಗೆ ಎಲುಬಷ್ಟೇ ಉಳಿದವು. ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಓಡಿದಳು.

"ದೊಡ್ಡದಾದ ಮ್ಯಾಲ ಭಾಳ ಬೆಕ್ಕಿಗೆ ಹಾಲು ಅರಗೂದಿಲ್ಲವ್ವಾ" ಎಂದರು ಡಾಕ್ಟರು. "ಪೂರಾ ಬಂದ್ ಮಾಡು. ಬೆಂದ ತತ್ತಿ, ನೀರು ಕೊಡು. ಇಲ್ಲಂದ್ರ ಇದು ಉಳಿಯಂಗಿಲ್ಲ."

ಬೆಕ್ಕಿಗೆ ಹಾಲು ಆಗುವುದಿಲ್ಲವೆಂದರೆ ಯಾರು ನಂಬುತ್ತಾರೆ? ಓಣಿಯೆಲ್ಲ ನಕ್ಕಿತು. ಹೊನ್ನವ್ವ ನಗಲಿಲ್ಲ, ಹಾಲು ನಿಲ್ಲಿಸಿದಳು. ಆದರೂ ಭೇದಿ ನಿಲ್ಲಲಿಲ್ಲ.

ಹಾಗಾದರೆ ಯಾರೋ ಏನೋ ಹಾಕುತ್ತಿದ್ದಾರೆ. ಹಿಂದೊಮ್ಮೆ ಗೌರಿ ಕೋಳಿಮರಿ ಹಿಡಿದಾಗ ಬೀರವ್ವ, "ಇದಕ್ಕ ಒಂದಿನ ಇಸ ಇಡ್ತೇನಿ ನೋಡು" ಎಂದಿದ್ದಳು. ಅಷ್ಟು ಸಾಕಾಯಿತು. ಕೊಡ ಹಿಡಿದು ನಳಕ್ಕೆ ಬಂದ ಹೆಂಗಸರ ಎದುರಿಗೇ ಹೊನ್ನವ್ವ ಎರಡೂ ಕೈಯಿಂದ ಮಣ್ಣು ತೂರಿ ಶಪಿಸಿದಳು.

"ಇಸ ಹಾಕಿದಾಕಿ ಮನಿ ಹಾಳಾಗ್ಲಿ!"

"ನಾ ಹಾಕಿಲ್ಲ ಹೊನ್ನಿ, ನನ್ನ ಮಕ್ಕಳಾಣಿ" ಎಂದು ಬೀರವ್ವ ಅತ್ತಳು.

ಹೊನ್ನವ್ವನ ಗಂಡ, ಹಮಾಲ ಫಕ್ಕೀರಪ್ಪ, ಟವೆಲ್ಲು ಸರಿಮಾಡಿಕೊಳ್ಳುತ್ತ ಅಲ್ಲೇ ನಿಂತಿದ್ದ. ಮರುದಿನದಿಂದ ಬೀರವ್ವ ಗೋದಾಮಿನ ಇನ್ನೊಂದು ತುದಿಗೆ ಕುಳಿತಳು.

ಒಂದು ಬೆಳಿಗ್ಗೆ ಹೊನ್ನವ್ವ, ಮರೆತ ಬುತ್ತಿಗಾಗಿ ಅರ್ಧ ದಾರಿಯಿಂದ ಮನೆಗೆ ಮರಳಿದಳು. ಹಿತ್ತಲಲ್ಲಿ ಫಕ್ಕೀರಪ್ಪ ಕುಕ್ಕರುಗಾಲಲ್ಲಿ ಕುಳಿತಿದ್ದ. ಮುಂದೆ ಹಾಲಿನ ಬಟ್ಟಲು, ಅದರಲ್ಲಿ ಗೌರಿಯ ಮೂತಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಅಲ್ಲಿ ಕಣ್ಣು ಮುಚ್ಚಿ, ಕೈ ಮುಗಿದು ಕುಳಿತವನು ಗಂಡ.

ಸಂಗತಿ ಹೊರಬಿತ್ತು. ಹರೆಯದಲ್ಲಿ ಅವನು ಇಳಿಸಿದ ಚೀಲದ ಕೆಳಗೆ ಸಿಕ್ಕು ಬೆಕ್ಕೊಂದು ಸತ್ತಿತ್ತು. ಬೆಕ್ಕು ಕೊಂದವರು ಬಂಗಾರದ ಬೆಕ್ಕು ದಾನ ಕೊಡಬೇಕಂತೆ. ಹಮಾಲನಿಗೆ ಬಂಗಾರ ಎಲ್ಲಿಂದ ಬರಬೇಕು? ದಿನಾ ಮೊದಲ ಹಾಲು ಬೆಕ್ಕಿಗೆ ಹಾಕಿದರೆ ಪಾಪ ಕಳೆಯುತ್ತದೆ ಎಂದು ಹಿರಿಯರೊಬ್ಬರು ಹೇಳಿದ್ದರು. ಹೆಂಡತಿ ಹಾಲು ನಿಲ್ಲಿಸಿದ ಮೇಲೆ ಕದ್ದು ಹಾಕುತ್ತಿದ್ದ. ಒಂದು ಬೆಕ್ಕು ಕೊಂದ ಪಾಪ ಕಳೆಯಲು ಇನ್ನೊಂದನ್ನು ಕೊಲ್ಲಲು ಹೊರಟಿದ್ದ, ಪುಣ್ಯಾತ್ಮ!

"ಹಾಲು ಹಾಕಿದ್ದು ಹೋಗ್ಲಿ" ಎಂದಳು ಹೊನ್ನವ್ವ. "ನಾ ಬೀರವ್ವಗ ಮಣ್ಣು ತೂರೂವಾಗ ಬಾಜೂಕ ನಿಂತಿದ್ರೆಲ್ಲಾ? ಆವಾಗರ ಬಾಯಿ ಬಿಡಬೇಕಿತ್ತರಿ."

"ಮಂದಿ ಮುಂದ ಹೆಂಗ ಹೇಳ್ಲಿ?"

ಆ ಮಾತು ನೆನಪಾದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹೆಂಡತಿಯ ಗೆಳೆತನ ಮುರಿದರೂ ಸರಿ, ಇವನ ಮಾನ ಉಳಿಯಬೇಕಿತ್ತು.

ಗೌರಿ ತತ್ತಿ ತಿಂದು ಗುಂಡಗಾಯಿತು. ಹೊನ್ನವ್ವ ಅದೇ ನಳದ ಮುಂದೆ, ಅದೇ ಮಂದಿಯ ಎದುರು ಬೀರವ್ವನ ಕಾಲು ಹಿಡಿದಳು. ಬೀರವ್ವ ಎಬ್ಬಿಸಿದಳು. ಸಂಜೆ ಗೋದಾಮಿನಲ್ಲಿ ಎಣ್ಣೆ ಬಾಟಲಿಯನ್ನೂ ಮುಂದಿಟ್ಟಳು.

"ಹಚ್ಚಿಕೊ" ಎಂದು ಎದ್ದು ಹೋದಳು.

ಮನೆಯಲ್ಲಿ ಫಕ್ಕೀರಪ್ಪ ಅಂಗೈಯಲ್ಲಿ ಎಣ್ಣೆ ಹಿಡಿದು ಕಾದಿದ್ದ. ಹೊನ್ನವ್ವ ಉರಿಯುವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.